ಮಾನವತಾವಾದಿ ವ್ಯಕ್ತಿತ್ವ ಸಿದ್ಧಾಂತ ಮತ್ತು ವ್ಯಕ್ತಿಕೇಂದ್ರಿತ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೋವಿಜ್ಞಾನ ಓದುವ ವಿದ್ಯಾರ್ಥಿಗಳು, ಆಪ್ತಸಮಾಲೋಚನೆ ಕಲಿಯುತ್ತಿರುವವರು, ಸಮಾಲೋಚಕರ ಬಳಿ ಹೋಗಲೋ ಬೇಡವೋ ಎಂದು ಹಿಂದೆ ಮುಂದೆ ನೋಡುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪರೀಕ್ಷೆಗೆ ಎರಡು ಸಾಲಿನ ವ್ಯಾಖ್ಯಾನ ಹುಡುಕಿ ಬಂದವರಿಗೆ ಕೆಲವು ಉತ್ತರಗಳು ಉದ್ದವೆನಿಸಬಹುದು. ಆದರೆ ಈ ಸಿದ್ಧಾಂತವನ್ನು ಎರಡೇ ಸಾಲಿನಲ್ಲಿ ಹೇಳಿದರೆ ಅದು "ಎಲ್ಲರ ಜೊತೆ ಒಳ್ಳೆಯವರಾಗಿರಿ" ಎಂಬ ಉಪದೇಶದಂತೆ ಕೇಳಿಸುತ್ತದೆ. ಅದು ಉಪದೇಶವಲ್ಲ ಎಂದು ತೋರಿಸಲಿಕ್ಕೇ ಇಷ್ಟು ಬರೆಯಬೇಕಾಯಿತು.

ಮಾನವತಾವಾದಿ ಮನೋವಿಜ್ಞಾನವನ್ನು "ಮೂರನೇ ಶಕ್ತಿ" ಎನ್ನುವುದೇಕೆ?

ಅದಕ್ಕೂ ಮೊದಲು ಎರಡು ಶಕ್ತಿಗಳಿದ್ದವು. ಇಪ್ಪತ್ತನೇ ಶತಮಾನದ ಮಧ್ಯಭಾಗದ ಅಮೆರಿಕದಲ್ಲಿ ಮನೋವಿಜ್ಞಾನವೆಂದರೆ ಒಂದೋ ಫ್ರಾಯ್ಡ್‌ನಿಂದ ಬಂದ ಮನೋವಿಶ್ಲೇಷಣೆ, ಇಲ್ಲವೇ ವಾಟ್ಸನ್ ಮತ್ತು ಸ್ಕಿನ್ನರ್ ಅವರ ವರ್ತನಾವಾದ. ಮೊದಲನೆಯದರ ಪ್ರಕಾರ ಮನುಷ್ಯನನ್ನು ನಡೆಸುವುದು ಅವನಿಗೇ ಗೊತ್ತಿಲ್ಲದ ಒಳಗಿನ ಒತ್ತಡಗಳು. ಎರಡನೆಯದರ ಪ್ರಕಾರ ಹೊರಗಿನ ಪ್ರಚೋದನೆ, ಬಹುಮಾನ ಮತ್ತು ಶಿಕ್ಷೆ. ಎರಡರಲ್ಲೂ ಒಂದು ಸಂಗತಿ ಸಮಾನ: ತನ್ನ ಬದುಕಿನ ಬಗ್ಗೆ ಆ ವ್ಯಕ್ತಿಯೇ ಹೇಳುವ ಮಾತಿಗೆ ಹೆಚ್ಚು ಬೆಲೆಯಿರಲಿಲ್ಲ. ಮನೋವಿಶ್ಲೇಷಕನಿಗೆ ಆ ಮಾತು ಬೇರೇನನ್ನೋ ಮುಚ್ಚಿದ ಪರದೆ. ವರ್ತನಾವಾದಿಗೆ ಅದು ಅಳೆಯಲಾಗದ ಗದ್ದಲ.

ಅಬ್ರಹಾಂ ಮಾಸ್ಲೊ, ಕಾರ್ಲ್ ರೋಜರ್ಸ್, ರೋಲೊ ಮೇ, ಷಾರ್ಲೊಟ್ ಬ್ಯೂಲರ್, ಜೇಮ್ಸ್ ಬ್ಯೂಜೆಂಟಲ್ ಮುಂತಾದವರು ಆ ಮಾತನ್ನೇ ಮಧ್ಯಕ್ಕೆ ತಂದರು. 1961ರಲ್ಲಿ ಈ ಪಂಥದ ಪತ್ರಿಕೆ ಶುರುವಾಯಿತು. 1964ರಲ್ಲಿ ಕನೆಕ್ಟಿಕಟ್‌ನ ಓಲ್ಡ್ ಸೇಬ್ರೂಕ್‌ನಲ್ಲಿ ಸೇರಿದ ಸಮ್ಮೇಳನವನ್ನು ಈ ಚಳವಳಿಯ ದೊಡ್ಡ ಗುರುತಾಗಿ ನೆನೆಯುತ್ತಾರೆ. "ಮೂರನೇ ಶಕ್ತಿ" ಎಂಬ ಹೆಸರು ಮಾಸ್ಲೊ ಅವರಿಂದ ಪ್ರಚಾರಕ್ಕೆ ಬಂತು.

ಮಾನವತಾವಾದ ಎಂದರೆ ದಯೆ, ದಾನ, ಸಮಾಜಸೇವೆ ಅಲ್ಲವೇ?

ಇಲ್ಲಿ ಅಲ್ಲ. ಮನುಷ್ಯ ಮನುಷ್ಯನಾಗಿ ಅನುಭವಿಸುವ ಆಯ್ಕೆ, ಅರ್ಥ, ಬೆಳವಣಿಗೆ ಮುಂತಾದವನ್ನು ಅಧ್ಯಯನದ ವಸ್ತುವಾಗಿ ಒಪ್ಪಿಕೊಳ್ಳುವುದು ಎಂದಷ್ಟೇ ಇಲ್ಲಿ ಆ ಪದದ ಅರ್ಥ.

ಕಾರ್ಲ್ ರೋಜರ್ಸ್ ಈ ದಾರಿಗೆ ಬಂದದ್ದು ಹೇಗೆ?

ವ್ಯಕ್ತಿಕೇಂದ್ರಿತ ಚಿಕಿತ್ಸೆಯನ್ನು ರೂಪಿಸಿದ ರೋಜರ್ಸ್ ಹುಟ್ಟಿದ್ದು 1902ರ ಜನವರಿ 8ರಂದು, ಷಿಕಾಗೊ ಪಕ್ಕದ ಓಕ್ ಪಾರ್ಕ್‌ನಲ್ಲಿ. ಶ್ರದ್ಧೆಯ ಕ್ರೈಸ್ತ ಕುಟುಂಬ, ಶಿಸ್ತಿನ ಮನೆ. ಹುಡುಗನಿಗೆ ಹನ್ನೆರಡು ವರ್ಷವಿದ್ದಾಗ ಮನೆಯವರು ಹೊಲ ಕೊಂಡು ಹಳ್ಳಿಗೆ ಹೋದರು. ಅಲ್ಲಿ ಅವರು ಪತಂಗಗಳನ್ನು ಸಾಕಿದರು, ವೈಜ್ಞಾನಿಕ ಕೃಷಿಯ ದಪ್ಪ ಪುಸ್ತಕ ಓದಿದರು, ಒಂದು ಪ್ರಯೋಗವನ್ನು ಹೇಗೆ ಹೂಡಬೇಕು ಎಂಬುದನ್ನು ಅದರಿಂದಲೇ ಕಲಿತರು. ಕಾಲೇಜಿನಲ್ಲಿ ಮೊದಲು ತೆಗೆದುಕೊಂಡದ್ದೂ ಕೃಷಿಯನ್ನೇ. 1922ರಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಸಮ್ಮೇಳನಕ್ಕೆಂದು ಪೀಕಿಂಗ್‌ಗೆ ಹೋಗಿ ಬಂದ ಮೇಲೆ ಮನೆಯ ಧರ್ಮದ ಬಿಗಿ ಸಡಿಲವಾಯಿತು. ಪಾದ್ರಿಯಾಗಲು ಸೆಮಿನರಿ ಸೇರಿದರು, ಅದನ್ನೂ ಬಿಟ್ಟು ಕೊಲಂಬಿಯಾದ ಟೀಚರ್ಸ್ ಕಾಲೇಜಿಗೆ ನಡೆದರು.

ಆಮೇಲಿನ ಹನ್ನೆರಡು ವರ್ಷ ರಾಚೆಸ್ಟರ್ ಎಂಬ ಊರಿನಲ್ಲಿ ಮಕ್ಕಳ ರಕ್ಷಣಾ ಸಂಸ್ಥೆಯ ಕೆಲಸ. ಆ ದಿನಗಳ ಒಂದು ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ಪುಂಡನೆನಿಸಿಕೊಂಡಿದ್ದ ಒಬ್ಬ ಹುಡುಗನ ತಾಯಿ ಬರುತ್ತಿದ್ದರು. ಆಕೆ ಮಗನನ್ನು ಒಳಗೊಳಗೇ ದೂರವಿಟ್ಟದ್ದೇ ಸಮಸ್ಯೆಯ ಮೂಲ ಎಂದು ರೋಜರ್ಸ್ ಗುರುತಿಸಿದ್ದರು. ಅದನ್ನು ಆಕೆಗೆ ಮೆಲ್ಲಗೆ ಮನಗಾಣಿಸಲು ಭೇಟಿಯ ಮೇಲೆ ಭೇಟಿ ಪ್ರಯತ್ನಪಟ್ಟರು. ಏನೂ ಗಿಟ್ಟಲಿಲ್ಲ. ಕೊನೆಗೆ, ಇಬ್ಬರೂ ಪ್ರಯತ್ನಿಸಿದೆವು, ಆಗಲಿಲ್ಲ, ಇಲ್ಲಿಗೆ ನಿಲ್ಲಿಸೋಣವೇ ಎಂದರು. ಆಕೆ ಒಪ್ಪಿ, ಕೈಕುಲುಕಿ, ಬಾಗಿಲವರೆಗೂ ಹೋಗಿ ತಿರುಗಿದರು: ನೀವು ಇಲ್ಲಿ ದೊಡ್ಡವರಿಗೂ ಸಮಾಲೋಚನೆ ಮಾಡುತ್ತೀರಾ? ಮರಳಿ ಕುಳಿತು ತಮ್ಮ ದಾಂಪತ್ಯದ ನೋವನ್ನು ಹರಿಯಬಿಟ್ಟರು. ಅಲ್ಲಿಯವರೆಗೆ ಕೊಟ್ಟ ಒಣ ವರದಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಎಲ್ಲಿ ನೋಯುತ್ತಿದೆ, ಯಾವ ಕಡೆ ಹೋಗಬೇಕು ಎಂಬುದು ಬಂದವರಿಗೇ ಗೊತ್ತು ಎಂದು ತಮಗೆ ಹೊಳೆದದ್ದಕ್ಕೆ ಈ ಪ್ರಸಂಗವನ್ನು ರೋಜರ್ಸ್ ಉದಾಹರಣೆಯಾಗಿ ಕೊಡುತ್ತಾರೆ.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಬೇರೆ. ರೋಜರ್ಸ್ ಮಾಡಿದ್ದ ನಿದಾನ ತಪ್ಪಾಗಿತ್ತು ಎಂದೇನೂ ಇಲ್ಲ, ಬಹುಶಃ ಸರಿಯೇ ಇದ್ದಿರಬಹುದು. ಸರಿಯಾಗಿದ್ದೂ ಅದು ಯಾವ ಕೆಲಸಕ್ಕೂ ಬರಲಿಲ್ಲ.

"ಆಲೂಗಡ್ಡೆಯ ಮೊಳಕೆ" ಕಥೆ ಏನು?

ರೋಜರ್ಸ್ ಬಾಲ್ಯದ ಮನೆಯ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೆಂದು ಆಲೂಗಡ್ಡೆ ಕೂಡಿಡುತ್ತಿದ್ದರು. ಮೇಲೆ ಎಲ್ಲೋ ಒಂದು ಸಣ್ಣ ಕಿಟಕಿ. ಮಣ್ಣಿಲ್ಲ, ನೀರಿಲ್ಲ, ಬೆಳಕೂ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಗಡ್ಡೆಗಳು ಮೊಳೆಯುತ್ತಿದ್ದವು. ಮಣ್ಣಲ್ಲಿ ಬರುವ ಹಸಿರು ಕುಡಿಯಲ್ಲ, ಬಿಳಿಚಿಕೊಂಡ, ಸೊಟ್ಟ ಮೊಳಕೆಗಳು ಕಿಟಕಿಯ ಕಡೆಗೆ ಎರಡು ಮೂರು ಅಡಿ ಚಾಚಿಕೊಳ್ಳುತ್ತಿದ್ದವು. ಅವು ಎಂದೂ ಗಿಡವಾಗುವುದಿಲ್ಲ. ಹಾಗೆಂದು ಬೆಳೆಯುವುದನ್ನು ನಿಲ್ಲಿಸುವುದೂ ಇಲ್ಲ.

ಆಸ್ಪತ್ರೆಗಳ ಹಿಂದಿನ ವಾರ್ಡುಗಳಲ್ಲಿ ವರ್ಷಗಟ್ಟಲೆ ಉಳಿದವರ ಜೊತೆ ಮಾತಾಡುವಾಗ ತಮಗೆ ಆ ಮೊಳಕೆಗಳು ನೆನಪಾಗುತ್ತವೆ ಎಂದು ರೋಜರ್ಸ್ ಬರೆದಿದ್ದಾರೆ. ಅವರ ಸಿದ್ಧಾಂತದ ತಾಯಿಬೇರು ಇದು. ಜೀವಿಯೊಳಗೆ ತನ್ನನ್ನು ಕಾಪಾಡಿಕೊಳ್ಳುವ, ಅರಳಿಸಿಕೊಳ್ಳುವ ಒಂದು ಮೂಲ ಪ್ರವೃತ್ತಿಯಿದೆ, ಅದನ್ನು ವಾಸ್ತವೀಕರಣ ಪ್ರವೃತ್ತಿ ಎನ್ನುತ್ತಾರೆ. ಹೊರಗಿನವರಿಗೆ ವಕ್ರವಾಗಿ ಕಾಣುವ ನಡವಳಿಕೆಯೂ, ಆ ಮನುಷ್ಯನಿಗೆ ಸಿಕ್ಕ ಬೆಳಕಿನಲ್ಲಿ, ಬೆಳೆಯಲು ಮಾಡಿದ ಪ್ರಯತ್ನವೇ ಆಗಿರಬಹುದು. ಚಿಕಿತ್ಸಕ ಬೆಳೆಸುವವನಲ್ಲ. ಅವನ ಪಾಲಿನ ಕೆಲಸ ಮಣ್ಣು, ನೀರು, ಬೆಳಕು ಒದಗಿಸುವುದು. ಮೊಳಕೆಯನ್ನು ಕೈಯಿಂದ ಹಿಡಿದೆಳೆದರೆ ಅದು ಉದ್ದವಾಗುವುದಿಲ್ಲ, ಕಿತ್ತು ಬರುತ್ತದೆ.

ಸ್ವ-ಪರಿಕಲ್ಪನೆ, ಆದರ್ಶ ಸ್ವ, ಇವೆಲ್ಲ ಏನು?

"ನಾನು ಇಂಥವನು" ಎಂದು ನಮ್ಮ ಬಗ್ಗೆ ನಾವು ಇಟ್ಟುಕೊಂಡ ಚಿತ್ರ ಸ್ವ-ಪರಿಕಲ್ಪನೆ. "ನಾನು ಹೀಗಿರಬೇಕಿತ್ತು" ಎಂಬುದು ಆದರ್ಶ ಸ್ವ. ಇವೆರಡರ ಜೊತೆ ಮೂರನೆಯದೊಂದಿದೆ, ವಿದ್ಯಾರ್ಥಿಗಳು ಮರೆಯುವುದು ಇದನ್ನೇ: ಮೈಮನಸ್ಸು ಈ ಕ್ಷಣದಲ್ಲಿ ನಿಜವಾಗಿ ಏನನ್ನು ಅನುಭವಿಸುತ್ತಿದೆಯೋ ಅದು. "ನನಗೆ ಕೋಪವೇ ಬರುವುದಿಲ್ಲ" ಎಂದು ನಂಬಿದವನ ಹಲ್ಲು ಕಚ್ಚಿಕೊಂಡಿದ್ದರೆ, ಚಿತ್ರಕ್ಕೂ ಅನುಭವಕ್ಕೂ ತಾಳೆಯಿಲ್ಲ. ರೋಜರ್ಸ್ ಹೇಳುವ ಅಸಂಗತಿ ಮುಖ್ಯವಾಗಿ ಇದು.

ಇದನ್ನು ಅವರು ಬರೀ ಮಾತಿನಲ್ಲಿ ಬಿಡಲಿಲ್ಲ. ಹೊಲದಲ್ಲಿ ಕಲಿತ ಪ್ರಯೋಗಬುದ್ಧಿ ಷಿಕಾಗೊ ವಿಶ್ವವಿದ್ಯಾಲಯಕ್ಕೂ ಬಂತು. ವಿಲಿಯಂ ಸ್ಟೀಫನ್‌ಸನ್ ರೂಪಿಸಿದ ಕ್ಯೂ-ಸಾರ್ಟ್ ಎಂಬ ವಿಧಾನದಲ್ಲಿ "ನಾನು ಸುಲಭವಾಗಿ ಸೋಲೊಪ್ಪುತ್ತೇನೆ" ಎಂಬಂಥ ಹೇಳಿಕೆಗಳ ಚೀಟಿಗಳನ್ನು ಕೊಡುತ್ತಾರೆ. ನಾನಿರುವ ಹಾಗೆ ಒಮ್ಮೆ, ಇರಬೇಕಾದ ಹಾಗೆ ಇನ್ನೊಮ್ಮೆ ಅವನ್ನು ಜೋಡಿಸಬೇಕು. 1954ರಲ್ಲಿ ಪ್ರಕಟವಾದ ಬಟ್ಲರ್ ಮತ್ತು ಹೇಗ್ ಅವರ ಅಧ್ಯಯನದಲ್ಲಿ, ಚಿಕಿತ್ಸೆಗೆ ಮೊದಲು ಈ ಎರಡು ಜೋಡಣೆಗಳ ನಡುವಿನ ಸಹಸಂಬಂಧ (ಎರಡೂ ಎಷ್ಟು ಹೊಂದುತ್ತವೆ ಎಂಬುದರ ಅಳತೆ, 1 ಆದರೆ ಪೂರ್ತಿ ಹೊಂದಿಕೆ) ಸರಾಸರಿ ಸೊನ್ನೆಯ ಆಸುಪಾಸಿನಲ್ಲಿತ್ತು, ಚಿಕಿತ್ಸೆ ಮುಗಿದ ಮೇಲೆ 0.34ಕ್ಕೆ ಏರಿತು. ಚಿಕಿತ್ಸೆ ಬೇಡದೆ ಇದ್ದವರ ಗುಂಪಿನಲ್ಲಿ ಅದು 0.58 ಇತ್ತು. ಅಂದರೆ ಅಂತರ ಕಡಿಮೆಯಾಯಿತು, ಅಳಿಸಿಹೋಗಲಿಲ್ಲ.

"ಮೌಲ್ಯದ ಷರತ್ತುಗಳು" ಎಂಬುದನ್ನು ಸರಳವಾಗಿ ವಿವರಿಸುತ್ತೀರಾ?

ಮಗುವಿಗೆ ಪ್ರೀತಿ ಬೇಕು, ಅದಿಲ್ಲದೆ ಆಗುವುದಿಲ್ಲ. ತಮ್ಮ ಹುಟ್ಟಿದ್ದಾನೆ, ಮೂರು ವರ್ಷದ ಅಕ್ಕನಿಗೆ ಅವನ ಮೇಲೆ ಹೊಟ್ಟೆಕಿಚ್ಚು, ಚಿವುಟುತ್ತಾಳೆ ಎಂದುಕೊಳ್ಳಿ. "ಒಳ್ಳೇ ಹುಡುಗೀರು ತಮ್ಮನ್ನ ಪ್ರೀತಿಸ್ತಾರೆ. ನಿಂಗೆ ಅವನು ಅಂದ್ರೆ ಇಷ್ಟ ತಾನೇ?" ಎಂದು ಅಮ್ಮ ಕೇಳುತ್ತಾಳೆ. ಮಗುವಿನ ಮುಂದೆ ಎರಡು ದಾರಿ. ತನ್ನ ಅನುಭವವನ್ನು ನಂಬಿದರೆ ತಾನು ಕೆಟ್ಟವಳಾಗುತ್ತಾಳೆ. ಅಮ್ಮನ ಮಾತನ್ನು ನಂಬಿದರೆ ಪ್ರೀತಿ ಉಳಿಯುತ್ತದೆ, ಆದರೆ ಒಳಗೆ ಅನಿಸಿದ್ದು ಸುಳ್ಳಾಗಬೇಕು. ಮಗು ಯಾವುದನ್ನು ಆರಿಸುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಹೀಗೆ "ಇಂತಿಂಥದ್ದು ಅನಿಸಿದರೆ ಮಾತ್ರ ನಾನು ಬೆಲೆಯುಳ್ಳವಳು" ಎಂಬ ಕರಾರುಗಳು ಒಂದೊಂದಾಗಿ ಒಳಸೇರುತ್ತವೆ. ಮುಂದೆ ಅಮ್ಮ ಎದುರಿಗೆ ಇರಬೇಕಾಗಿಯೂ ಇಲ್ಲ, ಒಳಗೊಬ್ಬಳು ಕೂತು ಲೆಕ್ಕ ಬರೆಯುತ್ತಿರುತ್ತಾಳೆ. ಕರಾರಿಗೆ ಒಗ್ಗದ ಅನುಭವ ಬಂದಾಗ ಮನಸ್ಸು ಒಂದೋ ಅದನ್ನು ತಿರುಚುತ್ತದೆ, ಇಲ್ಲವೇ ಬಂದೇ ಇಲ್ಲ ಎನ್ನುತ್ತದೆ. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದರೂ "ಪ್ರಶ್ನೆಪತ್ರಿಕೆ ಸುಲಭ ಇತ್ತು" ಎನ್ನುವವರನ್ನು ನೋಡಿ, ಅದು ತಿರುಚುವಿಕೆ. ತನ್ನ ಬಗ್ಗೆ ಹೀನವಾಗಿ ಎಣಿಸಿಕೊಂಡವನಿಗೆ ಗೆಲುವೂ ಬೆದರಿಕೆಯೇ. ಈ ಸಿದ್ಧಾಂತದ ನಿಜವಾದ ಸೂಕ್ಷ್ಮ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ನಾವು ಕೆಟ್ಟದ್ದನ್ನು ಮಾತ್ರವಲ್ಲ, ಒಳ್ಳೆಯದನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದನ್ನು ಅದು ವಿವರಿಸುತ್ತದೆ.

ಹಾಗಾದರೆ ಮಕ್ಕಳಿಗೆ "ಬೇಡ" ಎನ್ನಲೇಬಾರದೇ?

ಅನ್ನಬೇಕು. ಚಿವುಟುವುದನ್ನು ತಡೆಯಬೇಕು, ಹೊಟ್ಟೆಕಿಚ್ಚನ್ನು ಅಲ್ಲಗಳೆಯಬಾರದು. "ನಿಂಗೆ ಅವನ ಮೇಲೆ ಸಿಟ್ಟು ಬಂದಿದೆ, ಗೊತ್ತು. ಆದ್ರೆ ಚಿವುಟೋಕೆ ನಾನು ಬಿಡಲ್ಲ." ಕೃತ್ಯಕ್ಕೆ ಗೆರೆ ಎಳೆಯುವುದಕ್ಕೂ ಭಾವನೆಗೆ ಬಾಯಿ ಕಟ್ಟುವುದಕ್ಕೂ ವ್ಯತ್ಯಾಸವಿದೆ. ರೋಜರ್ಸ್ ಅವರ ಶಿಷ್ಯ ಥಾಮಸ್ ಗಾರ್ಡನ್ ಪಾಲಕರ ತರಬೇತಿಯನ್ನು ಇದೇ ತಳಹದಿಯ ಮೇಲೆ ಕಟ್ಟಿದರು.

ಮಾಸ್ಲೊ ಅವರ ಪಿರಮಿಡ್ ಇದಕ್ಕೆ ಹೇಗೆ ಸೇರುತ್ತದೆ?

ಮೊದಲು ಒಂದು ತಿದ್ದುಪಡಿ: ಆ ಪಿರಮಿಡ್ ಮಾಸ್ಲೊ ಬರೆದದ್ದಲ್ಲ. 1943ರ ಲೇಖನದಲ್ಲಿ ಅವರು ದೈಹಿಕ ಅಗತ್ಯ, ಸುರಕ್ಷತೆ, ಪ್ರೀತಿ, ಗೌರವ, ಸ್ವವಾಸ್ತವೀಕರಣ ಎಂಬ ಐದು ಅಗತ್ಯಗಳ ಶ್ರೇಣಿಯನ್ನು ವಿವರಿಸಿದರು, ಚಿತ್ರ ಬರೆಯಲಿಲ್ಲ. ತ್ರಿಕೋನ ಬಂದದ್ದು ಆಮೇಲೆ, ಮ್ಯಾನೇಜ್‌ಮೆಂಟ್ ಪಾಠಗಳ ಮೂಲಕ. ಚಿತ್ರ ಬಂದ ಮೇಲೆ ಒಂದು ಮೆಟ್ಟಿಲು ಪೂರ್ತಿ ಹತ್ತದೆ ಮುಂದಿನದಕ್ಕೆ ಕಾಲಿಡುವಂತಿಲ್ಲ ಎಂಬ ತಪ್ಪು ಕಲ್ಪನೆಯೂ ಬಂತು. ಮಾಸ್ಲೊ ಹಾಗೆ ಹೇಳಿಲ್ಲ. ಸಾಮಾನ್ಯ ವ್ಯಕ್ತಿಯ ದೈಹಿಕ ಅಗತ್ಯ ಶೇ 85, ಸುರಕ್ಷತೆ ಶೇ 70, ಪ್ರೀತಿ ಶೇ 50, ಆತ್ಮಗೌರವ ಶೇ 40, ಸ್ವವಾಸ್ತವೀಕರಣ ಶೇ 10ರಷ್ಟು ಈಡೇರಿರಬಹುದು ಎಂದು ಅದೇ ಲೇಖನದಲ್ಲಿ ಉದಾಹರಣೆ ಕೊಟ್ಟಿದ್ದಾರೆ. ಅದು ಅಳೆದ ಅಂಕಿಯಲ್ಲ, ವಿಷಯ ತಿಳಿಯಲೆಂದು ಕೊಟ್ಟ ಅಂದಾಜು. ಎಲ್ಲವೂ ಅರೆಬರೆಯಾಗಿ, ಏಕಕಾಲದಲ್ಲಿ ನಡೆಯುತ್ತಿರುತ್ತವೆ ಎಂಬುದು ತಾತ್ಪರ್ಯ.

ಸ್ವವಾಸ್ತವೀಕರಣ ಎಂಬ ಪದವನ್ನು ಮಾಸ್ಲೊ ತೆಗೆದುಕೊಂಡದ್ದು ನರರೋಗ ತಜ್ಞ ಕರ್ಟ್ ಗೋಲ್ಡ್‌ಸ್ಟೈನ್ ಅವರಿಂದ. ಯುದ್ಧದಲ್ಲಿ ಮೆದುಳಿಗೆ ಪೆಟ್ಟುಬಿದ್ದ ಸೈನಿಕರು ಉಳಿದ ಸಾಮರ್ಥ್ಯದಿಂದಲೇ ತಮ್ಮನ್ನು ಮತ್ತೆ ಹೊಂದಿಸಿಕೊಳ್ಳುವುದನ್ನು ಗೋಲ್ಡ್‌ಸ್ಟೈನ್ ಕಂಡಿದ್ದರು. ಮಾಸ್ಲೊ ಅದನ್ನು ಕೆಲವರು ಮಾತ್ರ ತಲುಪುವ ಎತ್ತರವಾಗಿ ನೋಡಿದರು. ಲಿಂಕನ್, ಐನ್‌ಸ್ಟೈನ್, ಎಲಿನರ್ ರೂಸ್‌ವೆಲ್ಟ್ ಅವರಂಥವರನ್ನು ಮಾದರಿಯಾಗಿ ಆರಿಸಿದರು. ತಾವು ಮೆಚ್ಚಿದವರನ್ನು ತಾವೇ ಆರಿಸಿ, ಅವರಲ್ಲಿ ಮೆಚ್ಚುವ ಗುಣಗಳನ್ನು ಕಂಡುಕೊಂಡರು ಎಂಬ ಟೀಕೆ ಸುಳ್ಳಲ್ಲ. ರೋಜರ್ಸ್‌ಗೆ ಅದು ಎಲ್ಲರಲ್ಲೂ, ಆಲೂಗಡ್ಡೆಯಲ್ಲೂ ಇರುವ ಚಲನೆ.

ಇದೂ ಆತ್ಮಸಾಕ್ಷಾತ್ಕಾರವೂ ಒಂದೇ ತಾನೇ?

ಕೆಲವು ಪಠ್ಯಗಳಲ್ಲಿ ಹಾಗೆ ಅನುವಾದಿಸಿದ್ದಾರೆ, ಅದರಿಂದ ಗೊಂದಲವಾಗಿದೆ. ಆತ್ಮಸಾಕ್ಷಾತ್ಕಾರ ಎಂದಾಗ ನಮಗೆ ತೋರುವುದು ಅಹಂ ಕರಗುವುದು. ಇಲ್ಲಿ ಮಾತು ವ್ಯಕ್ತಿ ತನ್ನ ಸಾಮರ್ಥ್ಯಗಳನ್ನು ಬದುಕಿನಲ್ಲಿ ತಂದುಕೊಳ್ಳುವುದರ ಬಗ್ಗೆ. ಸ್ವವಾಸ್ತವೀಕರಣ ಎಂಬ ಪದ ಒರಟಾಗಿದ್ದರೂ ಅದೇ ವಾಸಿ.

"ಪೂರ್ಣವಾಗಿ ಕಾರ್ಯನಿರತ ವ್ಯಕ್ತಿ" ಎಂದರೆ ಸದಾ ಸುಖಿಯೇ?

ಅಲ್ಲ. ತನ್ನ ಅನುಭವವನ್ನು ತಿರುಚದೆ ಒಳಗೆ ಬಿಟ್ಟುಕೊಳ್ಳುವವನಿಗೆ ರೋಜರ್ಸ್ ಕೊಟ್ಟ ಹೆಸರು ಅದು. ಅನುಭವಕ್ಕೆ ತೆರೆದುಕೊಂಡವನು ದುಃಖಕ್ಕೂ ತೆರೆದುಕೊಂಡಿರುತ್ತಾನೆ. ರೋಜರ್ಸ್ ಇದನ್ನು ತಲುಪುವ ಸ್ಥಳವೆನ್ನದೆ ಸಾಗುವ ದಿಕ್ಕು ಎಂದು ಕರೆದರು.

ಚಿಕಿತ್ಸೆಯ ಕೋಣೆಯಲ್ಲಿ ನಿಜವಾಗಿ ಏನು ನಡೆಯುತ್ತದೆ?

ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಎದುರುಬದುರು ಎರಡು ಕುರ್ಚಿ, ಸಾಮಾನ್ಯವಾಗಿ ಐವತ್ತು ನಿಮಿಷ ಅಥವಾ ಒಂದು ಗಂಟೆ. ಮನೆಗೆಲಸದ ಹಾಳೆ ಇರುವುದಿಲ್ಲ, ಕನಸಿನ ಅರ್ಥ ಹೇಳುವುದಿಲ್ಲ, ಯಾವ ವಿಷಯ ಮಾತಾಡಬೇಕು ಎಂಬುದನ್ನೂ ಬಂದವರೇ ತೀರ್ಮಾನಿಸುತ್ತಾರೆ. ಒಂದು ಕಲ್ಪಿತ ಮಾತುಕತೆ ನೋಡಿ:

"ಬಡ್ತಿ ಸಿಕ್ತು ಮೇಡಂ. ಎಲ್ಲರೂ ಖುಷಿಪಟ್ರು. ನಾನೂ ಪಡಬೇಕಿತ್ತು ಅಲ್ವಾ?"

"ಪಡಬೇಕಿತ್ತು ಅಂತೀರಿ. ಆದ್ರೆ ಆಗ್ಲಿಲ್ಲ."

"ಆಗ್ಲಿಲ್ಲ. ಒಂಥರಾ ಸಿಕ್ಕಿಹಾಕ್ಕೊಂಡೆ ಅನ್ನಿಸ್ತು."

"ನೋಡೋರಿಗೆ ನೀವು ಮೇಲೆ ಹೋದ ಹಾಗೆ. ನಿಮಗೆ ಬಾಗಿಲು ಮುಚ್ಚಿಕೊಂಡ ಹಾಗೆ."

"ಮುಚ್ಚಿಕೊಂಡ ಹಾಗೆ ಅಲ್ಲ..." ಸ್ವಲ್ಪ ಹೊತ್ತು ಮೌನ. "ನಾನೇ ಒಳಗಿಂದ ಚಿಲಕ ಹಾಕ್ಕೊಂಡ ಹಾಗೆ."

ಇಲ್ಲಿ ಸಮಾಲೋಚಕಿಯ ಮಾತು ತಪ್ಪಿತು. ತಪ್ಪಿದ್ದರಿಂದ ನಷ್ಟವೇನೂ ಆಗಲಿಲ್ಲ, ಏಕೆಂದರೆ ಅದನ್ನು ತಿದ್ದುವ ಅಧಿಕಾರ ಬಂದವನಿಗಿತ್ತು. ತಿದ್ದಲೆಂದು ಅವನು ಒಳಗೆ ಹೋಗಿ ನೋಡಿದ, ಆಗ "ಚಿಲಕ" ಸಿಕ್ಕಿತು. ಆ ಮೌನದಲ್ಲಿ ಅವನು ಮಾಡಿದ್ದನ್ನೇ ರೋಜರ್ಸ್ ಅವರ ಸಹೋದ್ಯೋಗಿ ಯೂಜೀನ್ ಜೆಂಡ್ಲಿನ್ ಮುಂದೆ ವಿವರವಾಗಿ ಅಧ್ಯಯನ ಮಾಡಿ ಫೋಕಸಿಂಗ್ ಎಂಬ ವಿಧಾನವಾಗಿ ಬೆಳೆಸಿದರು. "ಹೀಗಾ? ಅಲ್ಲ. ಹೀಗಾ? ಹ್ಞಾ, ಹೀಗೆ" ಎಂದು ಮಾತನ್ನು ಮೈಗೆ ತಾಗಿಸಿ ನೋಡುವುದು.

ಮೂರು "ಮೂಲ ಷರತ್ತುಗಳು" ಯಾವುವು?

1957ರ ಪ್ರಸಿದ್ಧ ಲೇಖನದಲ್ಲಿ ರೋಜರ್ಸ್ ಕೊಟ್ಟದ್ದು ಆರು. ಇಬ್ಬರ ನಡುವೆ ಮಾನಸಿಕ ಸಂಪರ್ಕವಿರಬೇಕು. ಬಂದವರು ಅಸಂಗತಿಯಿಂದ ತೊಳಲುತ್ತಿರಬೇಕು. ಚಿಕಿತ್ಸಕರು ಆ ಸಂಬಂಧದಲ್ಲಿ ಒಳಗೂ ಹೊರಗೂ ಒಂದೇ ಆಗಿರಬೇಕು (ನೈಜತೆ). ಬಂದವರನ್ನು ಷರತ್ತಿಲ್ಲದೆ ಸ್ವೀಕರಿಸಬೇಕು. ಅವರ ಲೋಕವನ್ನು ಅವರ ಕಣ್ಣಿಂದ ಅರಿಯಬೇಕು (ಎಂಪಥಿ). ಈ ಸ್ವೀಕಾರ ಮತ್ತು ಅರಿವು ಬಂದವರಿಗೆ ಸ್ವಲ್ಪವಾದರೂ ತಲುಪಿರಬೇಕು. ಮಧ್ಯದ ಮೂರು ಚಿಕಿತ್ಸಕರ ಪಾಲಿನವು, ಹಾಗಾಗಿ ಅವೇ ಹೆಸರಾದವು. ಪರೀಕ್ಷೆಯಲ್ಲಿ ಮೂರು ಬರೆದರೆ ಅಂಕ ಸಿಗುತ್ತದೆ, ಆದರೆ ಆರನೆಯದನ್ನು ಮರೆಯಬೇಡಿ. ನೀವು ಎಷ್ಟು ಸ್ವೀಕರಿಸಿದಿರಿ ಎಂಬುದಕ್ಕಿಂತ ಅವರಿಗೆ ಎಷ್ಟು ತಲುಪಿತು ಎಂಬುದೇ ಲೆಕ್ಕ.

ಇವು ಅಗತ್ಯ ಮಾತ್ರವಲ್ಲ, ಸಾಕು ಕೂಡ ಎಂದರು ರೋಜರ್ಸ್. ಆ "ಸಾಕು" ಎಂಬ ಪದದ ಮೇಲೆ ಇಂದಿಗೂ ಜಗಳ ನಿಂತಿಲ್ಲ.

ಎಂಪಥಿ ಎಂದರೆ ಸಹಾನುಭೂತಿಯೇ?

ಸಹಾನುಭೂತಿ ಎಂದರೆ ಬಳಕೆಯಲ್ಲಿ ಮರುಕ ಎಂಬ ಅರ್ಥವೇ ಗಟ್ಟಿಯಾಗಿದೆ. ಪರಾನುಭೂತಿ ಎಂದು ಬರೆಯುವವರಿದ್ದಾರೆ, ಮಾತಿನಲ್ಲಿ ಹೆಚ್ಚಿನವರು ಎಂಪಥಿ ಎಂದೇ ಅನ್ನುತ್ತಾರೆ. ನನಗೆ ಹತ್ತಿರವೆನಿಸುವ ಹೋಲಿಕೆ ಪರಕಾಯ ಪ್ರವೇಶ. ಇನ್ನೊಬ್ಬರ ಲೋಕವನ್ನು ಅದು ತನ್ನದೇ "ಎಂಬಂತೆ" ಅರಿಯಬೇಕು, ಆದರೆ ಆ "ಎಂಬಂತೆ" ಕೈಬಿಡಬಾರದು ಎಂದು ರೋಜರ್ಸ್ ಒತ್ತಿ ಹೇಳುತ್ತಾರೆ. ಹೊಕ್ಕವನಿಗೆ ತನ್ನ ಮೈಗೆ ಮರಳುವ ದಾರಿ ಗೊತ್ತಿರಬೇಕು. ಬಂದವರ ಜೊತೆ ಕೂತು ಅತ್ತರೆ ಇಬ್ಬರಾದರು ಅಳುವವರು, ಕೇಳುವವರು ಯಾರೂ ಉಳಿಯಲಿಲ್ಲ.

ತಪ್ಪು ಮಾಡಿದವರನ್ನೂ ಷರತ್ತಿಲ್ಲದೆ ಸ್ವೀಕರಿಸಬೇಕೇ?

ಸ್ವೀಕಾರವೆಂದರೆ ಒಪ್ಪಿಗೆಯ ಮುದ್ರೆಯಲ್ಲ. ಹೆಂಡತಿಗೆ ಹೊಡೆದೆ ಎಂದು ಹೇಳಿಕೊಂಡವನ ಎದುರು ಕೂತು ಅವನ ನಾಚಿಕೆಯನ್ನೂ ಸಮರ್ಥನೆಯನ್ನೂ ಪೂರ್ತಿ ಕೇಳುವುದು ಸಾಧ್ಯ, ಹೊಡೆತವನ್ನು ಒಪ್ಪದೆಯೇ. ಛೀ ಎನ್ನಿಸಿಕೊಂಡವನು ಮುಂದಿನ ವಾಕ್ಯದಿಂದಲೇ ವಕೀಲನಾಗಿಬಿಡುತ್ತಾನೆ, ತನ್ನನ್ನು ತಾನು ನೋಡಿಕೊಳ್ಳುವುದು ಅಲ್ಲಿಗೆ ನಿಂತಿತು. ಹಾಗೆಂದು ಬೇರೊಬ್ಬರ ಜೀವಕ್ಕೆ ಅಪಾಯವಿದ್ದರೆ ಗೋಪ್ಯತೆಗೆ ಮಿತಿ ಇದೆ, ಅದನ್ನು ಮೊದಲ ದಿನವೇ ಹೇಳಿರಬೇಕು.

ಇನ್ನೊಂದು ಸಂಗತಿ. ಷರತ್ತಿಲ್ಲದ ಸ್ವೀಕಾರವೂ ನೈಜತೆಯೂ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಸ್ವೀಕಾರ ಬಾರದಿದ್ದಾಗ ಬಂದಂತೆ ನಟಿಸಿದರೆ ನೈಜತೆ ಹೋಯಿತು. ನಾನು ಕಲಿಯುವ ದಿನಗಳಲ್ಲಿ ಒಬ್ಬರ ಮಾತಿಗೆ ಬೇಸರ ಬರುತ್ತಿದ್ದರೂ ಮುಖ ಅರಳಿಸಿಕೊಂಡು ಕೂತಿದ್ದೆ. ಮೂರನೇ ಭೇಟಿಯಲ್ಲಿ ಅವರೇ ಕೇಳಿದರು, "ನೀವು ಎಲ್ಲದಕ್ಕೂ ಹೀಗೇ ನಗ್ತೀರಾ?" ಉತ್ತರ ಹೊಳೆಯಲಿಲ್ಲ. ಅಂದು ನಗು ಬಿಟ್ಟೆ, ಮಾತು ಮುಂದೆ ಸಾಗಿತು.

ಹೇಳಿದ್ದನ್ನೇ ತಿರುಗಿಸಿ ಹೇಳುವುದಷ್ಟೇ ತಾನೇ? ಗಿಳಿಯೂ ಮಾಡುತ್ತದಲ್ಲ?

ಯಂತ್ರವೂ ಮಾಡಿದೆ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪ್ರಕಟಿಸಿದರು. ರೋಜರ್ಸ್ ಶೈಲಿಯ ಚಿಕಿತ್ಸಕನನ್ನು ಅನುಕರಿಸುವಂತೆ, ಬಳಕೆದಾರ ಟೈಪ್ ಮಾಡಿದ ವಾಕ್ಯವನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಆದರೂ ಜನ ಅದರ ಜೊತೆ ಮನಸ್ಸು ಬಿಚ್ಚತೊಡಗಿದ್ದು ಕಂಡು ವೈಜೆನ್‌ಬಾಮ್ ಕಳವಳಗೊಂಡರು.

ಈ ಕಥೆಯನ್ನು ವಿಧಾನದ ವಿರುದ್ಧದ ಪುರಾವೆ ಎಂದು ಹೇಳುವವರಿದ್ದಾರೆ. ನನಗೆ ಅರ್ಧ ಮಾತ್ರ ಹಾಗೆನಿಸುತ್ತದೆ. ಕೇಳಿಸಿಕೊಳ್ಳುವವರಿಗಾಗಿ ಜನ ಎಷ್ಟು ಹಸಿದಿದ್ದಾರೆ ಎಂಬುದನ್ನು ಅದು ತೋರಿಸಿತು. ಇನ್ನು ಗಿಳಿಪಾಠದ ಬಗ್ಗೆ: ಮಾತನ್ನು ಪ್ರತಿಫಲಿಸುವುದು ಎಂಬ ಪದವೇ ರೋಜರ್ಸ್‌ಗೆ ಕೊನೆಕೊನೆಗೆ ಕಿರಿಕಿರಿಯಾಗಿತ್ತು. ತಾವು ಪ್ರತಿಫಲಿಸುತ್ತಿಲ್ಲ, ತಮಗೆ ಅರ್ಥವಾದದ್ದು ಸರಿಯೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದೇವೆ ಎಂದು ಸ್ಪಷ್ಟಪಡಿಸಿದರು. ಎಲೈಜಾ ಎಂದೂ "ನನಗೆ ತಪ್ಪಾಗಿ ಅರ್ಥವಾಯಿತೇ?" ಎಂದು ಅನುಮಾನಪಡಲಿಲ್ಲ.

"ರೋಗಿ" ಎನ್ನದೆ "ಕ್ಲೈಂಟ್" ಎನ್ನುವುದೇಕೆ?

ರೋಗಿ ಎಂದ ಕೂಡಲೇ ಗೊತ್ತಿರುವವರು ವೈದ್ಯರು, ಗೊತ್ತಿಲ್ಲದವರು ಬಂದವರು ಎಂದಾಗುತ್ತದೆ. 1942ರ ಪುಸ್ತಕದಲ್ಲಿ ರೋಜರ್ಸ್ ಕ್ಲೈಂಟ್ ಪದ ಬಳಸಿದರು. ಒಂದು ಇಡೀ ಚಿಕಿತ್ಸೆಯ ಧ್ವನಿಮುದ್ರಿತ ಮಾತುಕತೆಯನ್ನು ಅಕ್ಷರಕ್ಕಿಳಿಸಿ ಅಚ್ಚುಹಾಕಿದ್ದೂ ಅದೇ ಪುಸ್ತಕದಲ್ಲಿ. ಅಲ್ಲಿಯವರೆಗೆ ಚಿಕಿತ್ಸೆಯ ಕೋಣೆಯಲ್ಲಿ ನಡೆದದ್ದಕ್ಕೆ ಚಿಕಿತ್ಸಕನ ನೆನಪೇ ಸಾಕ್ಷಿ. ಹೆಸರುಗಳೂ ಬದಲಾದವು: ಮೊದಲು ನಿರ್ದೇಶನರಹಿತ ಚಿಕಿತ್ಸೆ, 1951ರ ಪುಸ್ತಕದ ಹೊತ್ತಿಗೆ ಕ್ಲೈಂಟ್-ಕೇಂದ್ರಿತ, ಶಿಕ್ಷಣ, ಸಂಸ್ಥೆಗಳು, ಶಾಂತಿಮಾತುಕತೆಗೂ ಹಬ್ಬಿದ ಮೇಲೆ ವ್ಯಕ್ತಿಕೇಂದ್ರಿತ.

ಇದರಿಂದ ಗುಣವಾಗುತ್ತದೆ ಎನ್ನಲು ಆಧಾರವಿದೆಯೇ?

ಇದೆ, ಮಿತಿಗಳೂ ಇವೆ. ಚಿಕಿತ್ಸಕರ ಎಂಪಥಿಗೂ ಚಿಕಿತ್ಸೆಯ ಫಲಕ್ಕೂ ಇರುವ ನಂಟನ್ನು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಶ್ಲೇಷಣೆಯಲ್ಲಿ ಸಹಸಂಬಂಧ 0.28 ಬಂತು. ಯಾವ ಪಂಥದ ಚಿಕಿತ್ಸೆಯಾದರೂ ಈ ನಂಟು ಕಾಣುತ್ತದೆ. ಇಂಗ್ಲೆಂಡಿನಲ್ಲಿ ಖಿನ್ನತೆಯ 510 ಮಂದಿಯನ್ನು ವ್ಯಕ್ತಿಕೇಂದ್ರಿತ ಅನುಭವಾತ್ಮಕ ಚಿಕಿತ್ಸೆ ಮತ್ತು ಸಿಬಿಟಿ (ಯೋಚನೆ ಮತ್ತು ವರ್ತನೆಯ ರೂಢಿಗಳನ್ನು ಬದಲಿಸುವ ಚಿಕಿತ್ಸೆ) ಎಂಬ ಎರಡು ಗುಂಪಿಗೆ ಹಂಚಿ ಮಾಡಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಕಳಪೆಯಲ್ಲ ಎಂದು ಕಂಡಿತು. ಹನ್ನೆರಡು ತಿಂಗಳ ಹೊತ್ತಿಗೆ ಸಿಬಿಟಿ ಕಡೆ ತುಸು ಹೆಚ್ಚು ಲಾಭ ತೋರಿತು. ಎರಡನ್ನೂ ಹೇಳಬೇಕು. ನಮ್ಮ ಪಂಥದವರು ಮೊದಲ ವಾಕ್ಯಕ್ಕೇ ನಿಲ್ಲಿಸುವುದುಂಟು.

ವಿಸ್ಕಾನ್ಸಿನ್‌ನಲ್ಲಿ ಸ್ಕಿಜೋಫ್ರೇನಿಯಾ ಇರುವವರ ಜೊತೆ ರೋಜರ್ಸ್ ತಂಡ ಮಾಡಿದ ದೊಡ್ಡ ಪ್ರಯೋಗದಲ್ಲಿ, ಚಿಕಿತ್ಸೆ ಪಡೆದ ಗುಂಪಿಗೂ ಪಡೆಯದ ಗುಂಪಿಗೂ ಒಟ್ಟಾರೆ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಯಾರಿಗೆ ಇದೊಂದೇ ಸಾಲದು?

ಪ್ರಾಣಕ್ಕೆ ಅಪಾಯವಿರುವಾಗ, ಭ್ರಮೆ ಮತ್ತು ಉನ್ಮಾದದ ಸ್ಥಿತಿಯಲ್ಲಿ, ತೀವ್ರ ಖಿನ್ನತೆಯಲ್ಲಿ ಮನೋವೈದ್ಯರನ್ನು ಕಾಣಲೇಬೇಕು. ಗೀಳು ರೋಗಕ್ಕೆ, ನಿರ್ದಿಷ್ಟ ಭಯಗಳಿಗೆ, ಹೆದರುವ ಸಂಗತಿಯನ್ನು ಹಂತಹಂತವಾಗಿ ಎದುರಿಸುವ ವಿಧಾನಕ್ಕೆ ಹೆಚ್ಚಿನ ಪುರಾವೆಯಿದೆ. ಮಾತ್ರೆ ನುಂಗುತ್ತಲೇ ವ್ಯಕ್ತಿಕೇಂದ್ರಿತ ಸಮಾಲೋಚನೆಗೆ ಹೋಗಬಹುದು, ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ.

ಇದರ ಮೇಲಿನ ಗಂಭೀರ ಟೀಕೆಗಳು ಯಾವುವು?

ಸ್ಕಿನ್ನರ್ ಜೊತೆ 1956ರಲ್ಲಿ ನಡೆದ ವಾದ ಎಲ್ಲರಿಗೂ ಗೊತ್ತು: ನೀವು ತಲೆದೂಗುವುದೂ ಒಂದು ಬಹುಮಾನವೇ ಅಲ್ಲವೇ ಎಂಬ ಧಾಟಿಯ ಟೀಕೆ ವರ್ತನಾವಾದಿಗಳ ಕಡೆಯಿಂದ ಬಂತು. ನನಗೆ ಅದಕ್ಕಿಂತ ಆಳವೆನಿಸುವುದು ದಾರ್ಶನಿಕ ಮಾರ್ಟಿನ್ ಬೂಬರ್ 1957ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಎತ್ತಿದ್ದು. ಚಿಕಿತ್ಸೆಯ ಒಳ್ಳೆಯ ಕ್ಷಣಗಳಲ್ಲಿ ಇಬ್ಬರೂ ಸಮಾನರು ಎಂದರು ರೋಜರ್ಸ್. ಬೂಬರ್ ಒಪ್ಪಲಿಲ್ಲ. ಅವನು ಸಹಾಯ ಕೇಳಿ ನಿಮ್ಮಲ್ಲಿಗೆ ಬಂದಿದ್ದಾನೆ, ನೀವು ಅವನಲ್ಲಿಗೆ ಹೋಗಿಲ್ಲ, ಈ ಅಸಮತೆಯನ್ನು ಮನಸ್ಸಿನ ಭಾವದಿಂದ ಅಳಿಸಲಾಗದು ಎಂಬುದು ಅವರ ವಾದದ ಸಾರ. ರೋಲೊ ಮೇ ಒಳಗಿನವರಾಗಿಯೇ ಇನ್ನೊಂದನ್ನು ಕೇಳಿದರು: ಕೇಡು ಬರೀ ಹೊರಗಿನ ಸಮಾಜದಿಂದ ಬರುತ್ತದೆಯೇ, ಮನುಷ್ಯನೊಳಗೇ ಅದರ ಬೀಜವಿಲ್ಲವೇ?

ವ್ಯಕ್ತಿಯನ್ನು ಕುಟುಂಬ, ಸಮುದಾಯಗಳಿಂದ ಕಿತ್ತು ನೋಡುತ್ತದೆ ಎಂಬ ಟೀಕೆಯೂ ಇದೆ. ಬಡತನ, ತಾರತಮ್ಯದಿಂದ ನೊಂದವರಿಗೆ "ಒಳಗೆ ನೋಡಿಕೊಳ್ಳಿ" ಎನ್ನುವುದು ಸಾಲದು, ನಿಜ. ಆದರೆ "ನನ್ನ ಮನೆಯವರ ಜೊತೆಗಿರುವುದೇ ನನಗೆ ಬೇಕು" ಎಂದು ಕ್ಲೈಂಟ್ ಹೇಳಿದರೆ ಅದನ್ನು ಪರಾವಲಂಬನೆ ಎಂದು ಓದುವ ಚಿಕಿತ್ಸಕ ರೋಜರ್ಸ್ ಅವರನ್ನು ಓದಿಲ್ಲ.

ಸಲಹೆಯನ್ನೇ ಕೊಡುವುದಿಲ್ಲವೆಂದರೆ ಯಾಕೆ ದುಡ್ಡು ಕೊಟ್ಟು ಹೋಗಬೇಕು?

ಸಲಹೆ ಎಲ್ಲ ಕಡೆ ಪುಕ್ಕಟೆ ಸಿಗುತ್ತದೆ, ಅದು ಕೆಲಸ ಮಾಡಿದ್ದರೆ ನೀವು ಈ ಪುಟಕ್ಕೆ ಬರುತ್ತಿರಲಿಲ್ಲ. 1964ರಲ್ಲಿ ಚಿತ್ರೀಕರಿಸಿದ ಒಂದು ಸಂದರ್ಶನದಲ್ಲಿ ಒಬ್ಬ ಮಹಿಳೆ ಮಗಳಿಗೆ ನಿಜ ಹೇಳಲೇ ಬೇಡವೇ ಎಂದು ರೋಜರ್ಸ್ ಅವರನ್ನು ನೇರವಾಗಿ ಕೇಳುತ್ತಾರೆ. ಉತ್ತರ ಕೊಡಲು ಸಾಧ್ಯವಿದ್ದರೆ ಕೊಡುತ್ತಿದ್ದೆ ಎಂಬ ಅರ್ಥದ ಮಾತನ್ನು ಅವರು ಹೇಳುತ್ತಾರೆ. ಅರ್ಧ ಗಂಟೆಯಲ್ಲಿ ಆಕೆ ತನ್ನ ಉತ್ತರದ ಹತ್ತಿರ ತಾನೇ ಬರುತ್ತಾರೆ. ಆದರೂ ಮಾಹಿತಿ ಬೇಕಾದಾಗ ಮಾಹಿತಿಯನ್ನೂ ಕೊಡದೆ "ನಿಮಗೇನನ್ನಿಸುತ್ತದೆ?" ಎನ್ನುವ ಸಮಾಲೋಚಕರಿದ್ದರೆ ಅದು ಜಿಪುಣತನ.

ಸಮಾಲೋಚಕರು ಸರಿಯಾಗಿದ್ದಾರೆಯೇ ಎಂದು ತಿಳಿಯುವುದು ಹೇಗೆ?

ತರಬೇತಿ, ಅನುಭವ, ಮೇಲ್ವಿಚಾರಣೆಯ ಬಗ್ಗೆ ಕೇಳಿ, ಕೇಳುವುದು ನಿಮ್ಮ ಹಕ್ಕು. ಆಮೇಲೆ ಒಂದನ್ನು ಗಮನಿಸಿ: "ಇಲ್ಲ, ನಾನು ಹೇಳಿದ್ದು ಅದಲ್ಲ" ಎಂದು ನೀವು ಅಂದಾಗ ಅವರು ಏನು ಮಾಡುತ್ತಾರೆ? ಮತ್ತೆ ಕೇಳುತ್ತಾರೋ, ನಿಮಗೇ ವಿವರಿಸಲು ಹೊರಡುತ್ತಾರೋ?

ಚಿಕಿತ್ಸಕರಲ್ಲದವರು ಇದನ್ನು ಮನೆಯಲ್ಲಿ ಬಳಸಬಹುದೇ?

ರೋಜರ್ಸ್ ಸೂಚಿಸಿದ ಒಂದು ಸರಳ ಪ್ರಯೋಗವಿದೆ. ಗಂಡ ಹೆಂಡತಿಯೋ ಗೆಳೆಯರೋ ವಾದಕ್ಕಿಳಿದಾಗ ಒಂದು ನಿಯಮ ಮಾಡಿಕೊಳ್ಳಿ: ಎದುರಿನವರು ಹೇಳಿದ್ದನ್ನು ಅವರಿಗೇ "ಹೌದು, ಅದೇ" ಎನ್ನಿಸುವಂತೆ ಹೇಳಿದ ಮೇಲಷ್ಟೇ ನಿಮ್ಮ ಮಾತು. ಓದುವಾಗ ಇದು ಮಕ್ಕಳಾಟದಂತೆ ಕಾಣುತ್ತದೆ. ಮಾಡಿ ನೋಡಿದರೆ ಮೊದಲ ಎರಡು ಸಲ "ಹೌದು" ಸಿಗುವುದಿಲ್ಲ. ಮೂರನೇ ಸಲ ಸಿಗುವ ಹೊತ್ತಿಗೆ ನೀವು ಹೇಳಬೇಕೆಂದುಕೊಂಡಿದ್ದ ಮಾತು ಸ್ವಲ್ಪ ಬದಲಾಗಿರುತ್ತದೆ. ಹಾಗೆ ಬದಲಾಗುವ ಅಪಾಯಕ್ಕೆ ಹೆದರಿಯೇ ಜನ ಕೇಳಿಸಿಕೊಳ್ಳಲು ಹಿಂಜರಿಯುತ್ತಾರೆ ಎಂದು ರೋಜರ್ಸ್ ಬರೆದಿದ್ದಾರೆ.

ಹದಿಹರೆಯದ ಮಕ್ಕಳ ಮೇಲೆ ಏಕಾಏಕಿ ಇದನ್ನು ಶುರುಮಾಡಬೇಡಿ. "ಅಪ್ಪಾ, ನಿಂಗೇನಾಯ್ತು?" ಎಂದು ಕೇಳುತ್ತಾರೆ.